ಯಮನೂರಿನ ಹುಲಿ ಸವಾರ ಯಾರು?

ಪ್ರಶ್ನೆ: ಯಮನೂರಿನ ರಾಜಾಬಾಗಸವಾರ ದರ್ಗಾಕ್ಕೆ ನಮ್ಮ ಮನೆಯವರು ನಡೆದುಕೊಳ್ಳುತ್ತಾರೆ. ಅಜ್ಜ ‘ಚಾಂಗದೇವ’ ಅಂತಾರೆ, ನೆರೆಯವರು ‘ಸೂಫಿ ವಲಿ’ (ಸೂಫಿ ಸಂತ) ಅಂತಾರೆ. ಇಬ್ಬರೂ ಒಬ್ಬರೇನಾ? ಒಂದು ದರ್ಗಾದಲ್ಲಿ ನಿಜವಾದ ಗೋರಿ ಇದೆಯೋ ಇಲ್ಲವೋ, ಅದು ಯಾವ ಕಾಲದ್ದು ಎಂದು ತಿಳಿಯುವುದು ಹೇಗೆ?
– ಓದುಗರೊಬ್ಬರು, ನವಲಗುಂದ

ಉತ್ತರ: ನಡೆದುಕೊಳ್ಳುವವರ ಪಾಲಿಗೆ ಒಬ್ಬರೇ. ಆ ನಂಬಿಕೆಯನ್ನು ಒಡೆಯಬೇಕಿಲ್ಲ, ಆದರೆ ಕತೆಯನ್ನು ಬಿಡಿಸಿ ನೋಡಬಹುದು.

ಯೋಗಿ ಚಾಂಗದೇವ ಹುಲಿ ಏರಿ, ಹಾವನ್ನೇ ಚಾಟಿ ಮಾಡಿಕೊಂಡು ಬಂದ. ಸಂತ ಜ್ಞಾನೇಶ್ವರ ಒಡಹುಟ್ಟಿದವರೊಂದಿಗೆ ಕುಳಿತಿದ್ದ ಗೋಡೆಯನ್ನೇ ನಡೆಸಿಕೊಂಡು ಅವನಿಗೆ ಎದುರಾದ. ಇದು ಮಹಾರಾಷ್ಟ್ರದ ಕತೆ. ಜ್ಞಾನೇಶ್ವರ ಆಳಂದಿಯಲ್ಲಿ ಸಮಾಧಿಯಾದದ್ದು 1296ರಲ್ಲಿ. ಚಾಂಗದೇವನ ಸಮಾಧಿ ಗೋದಾವರಿ ದಂಡೆಯ ಪುಣತಾಂಬೆಯಲ್ಲಿದೆ. ಹಾಗಾಗಿ ಯಮನೂರನ್ನು ಅವನು ಬಂದು ಕೂತ ಠಾವು ಎಂದರೆ ಹೊಂದುತ್ತದೆ, ಸಮಾಧಿಯಾದ ಜಾಗ ಎಂದರೆ ಹೊಂದುವುದಿಲ್ಲ. ಬಾಗಸವಾರ ಎಂದರೂ ಹುಲಿ ಏರಿದವನೇ. ಆದರೆ ಹುಲಿ ಸವಾರಿ, ಗೋಡೆ ಸವಾರಿ ಎಷ್ಟೋ ಊರಿನ ಸೂಫಿಗಳ ಬಗ್ಗೆಯೂ ಹೇಳುವ ಮಾತು. ಅದನ್ನು ಹಿಡಿದು ಯಾವ ದರ್ಗಾದ ಕಾಲವನ್ನೂ ಗೊತ್ತು ಮಾಡಲಾಗದು. ಯಮನೂರಿನ ಸ್ವಂತದ್ದು ಬೆಣ್ಣೆಹಳ್ಳ. ಅದರಲ್ಲಿ ಮಿಂದರೆ ಚರ್ಮರೋಗ ಹೋಗುತ್ತದೆ, ಅದರ ನೀರಿಗೆ ದೀಪ ಉರಿಯುತ್ತದೆ ಎಂಬ ನಂಬಿಕೆ. ಅಜ್ಜನ ಬಾಯಿಂದ ಕತೆ ಬರೆದುಕೊಳ್ಳುವುದಾದರೆ ಹಳ್ಳದ ಮಾತನ್ನೇ ಮೊದಲು ಕೇಳಿರಿ. ನೆರೆಯವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಎರಡನ್ನೂ ಕೂಡಿಸಿ ಒಂದು ಮಾಡಬೇಡಿ.

ಉರುಸಿನ ದಿನವೂ ಸುಳಿವು ಕೊಡುತ್ತದೆ. ಮುಸ್ಲಿಮರ ಚಾಂದ್ರಮಾನದ ಹಿಜರಿ ತಿಂಗಳಿಗೆ ಕಟ್ಟಿದ ಉರುಸು ವರ್ಷಕ್ಕೆ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಯಮನೂರಿನದು ಹೋಳಿ ಹುಣ್ಣಿಮೆಯ ಬೆನ್ನಿಗೇ ಬರುತ್ತದೆ. ಅಂದರೆ ಈ ಜಾತ್ರೆ ನಡೆಯುವುದು ನಮ್ಮ ಪಂಚಾಂಗದ ಮೇಲೆ.

ಗೋರಿಯನ್ನು ಗುರುತಿಸುವುದು ಸುಲಭ. ಅದು ಉತ್ತರ-ದಕ್ಷಿಣವಾಗಿರುತ್ತದೆ, ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ಗಂಡಸಿನದಾದರೆ ಮೇಲುಗಡೆ ಉದ್ದಕ್ಕೆ ಕಲಮದಾನಿಯಂಥ (ಲೇಖನಿ ಪೆಟ್ಟಿಗೆಯಂಥ) ದಿಂಡು ಎದ್ದಿರುವುದುಂಟು, ಹೆಂಗಸಿನದು ಪಾಟಿಯಂತೆ ಚಪ್ಪಟೆ. ಗಲೀಫ (ಗೋರಿಯ ಮೇಲಿನ ಬಟ್ಟೆ) ಹೊದಿಸಿದ್ದರೆ ಕಾಣದು. ಉರುಸಿನ ಗಂಧದ ರಾತ್ರಿ ತೊಳೆದು ಗಂಧ ಹಚ್ಚುವಾಗ ದರ್ಗಾ ನೋಡಿಕೊಳ್ಳುವ ಮುಜಾವರರ ಅಪ್ಪಣೆ ಪಡೆದು ನೋಡಿರಿ. ವಲಿ ಕೂತು ಧ್ಯಾನ ಮಾಡಿದ ಅಥವಾ ಅವರ ಹೆಸರಲ್ಲಿ ಸ್ಥಾಪಿಸಿದ ಜಾಗ ಚಿಲ್ಲಾ, ಅಲ್ಲಿ ಗೋರಿ ಇರಬೇಕೆಂದಿಲ್ಲ. ಮಹಬೂಬ ಸುಬಾನಿ ಎನ್ನುವ ಸೂಫಿ ಅಬ್ದುಲ್ ಖಾದಿರ್ ಜೀಲಾನಿಯವರ ಗೋರಿ ಬಗದಾದಿನಲ್ಲಿದ್ದರೂ ಅವರ ಚಿಲ್ಲಾಗಳು ನಮ್ಮಲ್ಲೂ ಇವೆ.

ಕಾಲ ತಿಳಿಯಲು ಬಾಗಿಲ ಮೇಲಿನ ಪಾರ್ಸಿ (ಪರ್ಶಿಯನ್) ಭಾಷೆಯ ಶಾಸನ ಹುಡುಕಿರಿ. ಸುಣ್ಣ, ಆಯಿಲ್ ಪೇಂಟ್ ಬಳಿದು ಬಳಿದು ಅಕ್ಷರ ಮುಚ್ಚಿರುತ್ತವೆ. ತಂತಿ ಬ್ರಷ್ ಹಾಕಿ ಉಜ್ಜಬೇಡಿ, ಮೆದು ಕಲ್ಲಾದರೆ ಅಕ್ಷರವೇ ಉದುರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಗೋಡೆಗೆ ಸವರುವಂತೆ ಹಿಡಿದು ಫೋಟೋ ತೆಗೆಯಿರಿ, ನೆರಳಿನಲ್ಲಿ ಅಕ್ಷರ ಏಳುತ್ತವೆ. ಅಂಕಿ ಇಲ್ಲದಿದ್ದರೂ ವರ್ಷ ಪದ್ಯದಲ್ಲಿ ಅಡಗಿರಬಹುದು: ಪ್ರತಿ ಅಕ್ಷರಕ್ಕೂ ಒಂದು ಬೆಲೆ ಇರುತ್ತದೆ, ಕೂಡಿದರೆ ವರ್ಷ ಬರುತ್ತದೆ. ಲಾರಿಗಳ ಮೇಲಿನ 786 ಇದೇ ಲೆಕ್ಕದಲ್ಲಿ ಬಿಸ್ಮಿಲ್ಲಾದ ಮೊತ್ತ. ಹೊಸ ಗ್ರಾನೈಟ್ ಫಲಕದ ಇಸವಿ ಬಹುಪಾಲು ಜೀರ್ಣೋದ್ಧಾರದ್ದು.

ಹಿಜರಿ ವರ್ಷವನ್ನು ಇಸವಿಗೆ ತಿರುಗಿಸಲು 33ರಿಂದ ಭಾಗಿಸಿ, ಬಂದದ್ದನ್ನು ಅದರಲ್ಲೇ ಕಳೆದು 622 ಕೂಡಿಸಿರಿ. ಹಳೆಯ ಇನಾಂ ಕಾಗದದಲ್ಲಿ ಮೋಸ ಹೋಗುವುದು ಇಲ್ಲೇ. ಅಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕದ ವರ್ಷ) ಇರಬಹುದು, ಅದಕ್ಕೆ 590 ಕೂಡಿಸಿದರೆ ಸಾಕು. 1250 ಹಿಜರಿಯಾದರೆ 1834, ಫಸಲಿಯಾದರೆ 1840.