ಪೂರ್ವಗ್ರಹ ನಮ್ಮ ತೀರ್ಮಾನವನ್ನು ಹೇಗೆ ಬದಲಿಸುತ್ತದೆ?

ನಮಗೆ ಗೊತ್ತಿಲ್ಲದ ಜಾಗವನ್ನು ಅದು ತುಂಬಿಬಿಡುತ್ತದೆ. ಪೂರ್ವಗ್ರಹ ಅಂದರೆ ಒಬ್ಬರನ್ನು ತಿಳಿಯುವ ಮೊದಲೇ ಮನಸ್ಸಲ್ಲಿ ಕೂತಿರುವ ಅಭಿಪ್ರಾಯ. ಮಾಹಿತಿ ಕಡಿಮೆ ಇದ್ದು ಬೇಗ ನಿರ್ಧಾರ ಮಾಡಬೇಕಾದಾಗ ಮನಸ್ಸು ಅದನ್ನೇ ಬಳಸುತ್ತದೆ, ಆದರೆ ನಮಗದು ಊಹೆ ಅಂತ ಅನ್ನಿಸುವುದೇ ಇಲ್ಲ, ಕಣ್ಣಾರೆ ಕಂಡ ಸತ್ಯದ ಹಾಗೆ ಅನ್ನಿಸುತ್ತದೆ. ಹಾಗಾಗಿಯೇ ಒಳ್ಳೆಯ ಮನಸ್ಸಿನವರೂ ತಪ್ಪುತ್ತಾರೆ.

ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದಲ್ಲಿ ಇದನ್ನು ಪರೀಕ್ಷಿಸಿದರು. ಪತ್ರಿಕೆಯಲ್ಲಿ ಬಂದ ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ ಒಂದೇ ಮಟ್ಟದ ಓದು, ಅನುಭವ ಇರುವ ಅರ್ಜಿ ಕಳಿಸಿದರು. ಬೇರೆ ಇದ್ದದ್ದು ಹೆಸರು ಮಾತ್ರ. 2007ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ ಸಂಕಟವಾಗುತ್ತದೆ: ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಅವಕಾಶ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ. ಅರ್ಜಿ ನೋಡಿದವರಲ್ಲಿ ಎಷ್ಟೋ ಜನ ತಾವು ಅರ್ಹತೆ ಮಾತ್ರ ನೋಡಿದೆವು ಅಂತಲೇ ನಂಬಿರಬಹುದು, ಅಲ್ವಾ?

ಇದರ ಪೆಟ್ಟು ಇನ್ನೊಂದು ಕಡೆಯೂ ಬೀಳುತ್ತದೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಶಾಲಾ ಹುಡುಗರಿಗೆ ಸುತ್ತುದಾರಿಯ ಒಗಟು ಬಿಡಿಸಲು ಕೊಟ್ಟರು. ಜಾತಿ ಹೇಳದಿದ್ದಾಗ ದಲಿತ ಮಕ್ಕಳೂ ಮೇಲ್ಜಾತಿ ಮಕ್ಕಳಷ್ಟೇ ಚೆನ್ನಾಗಿ ಮಾಡಿದರು. ಎಲ್ಲರೆದುರು ಜಾತಿ ಹೇಳಿದ ಗುಂಪುಗಳಲ್ಲಿ ದಲಿತ ಮಕ್ಕಳು ಅದೇ ಬಗೆಯ ಒಗಟಿನಲ್ಲಿ ಹಿಂದೆ ಬಿದ್ದರು. ತಮ್ಮನ್ನು ಸರಿಯಾಗಿ ಅಳೆಯುವುದಿಲ್ಲ ಅನ್ನಿಸಿದರೆ ಮಗುವಿನ ಉತ್ಸಾಹವೇ ಕುಗ್ಗುತ್ತದೆ. ಆಮೇಲೆ ಆ ಕಡಿಮೆ ಅಂಕವನ್ನೇ ತೋರಿಸಿ "ನೋಡಿ, ನಾವು ಹೇಳಿರಲಿಲ್ವಾ" ಅನ್ನುವವರೂ ಇದ್ದಾರೆ.