ಹೋಂ ಥಿಯೇಟರ್ ಕೇಳಿದವರಿಗೆ: ಮೊದಲು ಆಯಿಗೆ ಮಾತು ಕೇಳಬೇಕು

ನಮಸ್ಕಾರ. ಶಿರಸಿ ಹತ್ತಿರದ ಹುಲೇಕಲ್ ಕಡೆಯಿಂದ ಪ್ರಶ್ನೆ ಹಾಕಿದವರಿಗೆ ಈ ಉತ್ತರ. ಸ್ವಲ್ಪ ಉದ್ದ ಆಗ್ತದೆ, ಸಂಜೆ ಚಹಾ ಕುಡಿಯುತ್ತಾ ಓದಿ.

ನೀವು ಬರೆದದ್ದು ಇಷ್ಟು. ಹೊಸ ಆರ್‌ಸಿಸಿ ಮನೆ, 12 ಅಡಿಗೆ 18 ಅಡಿ ಹಾಲ್, ನೆಲಕ್ಕೆ ಟೈಲ್ಸ್, ಒಂದು ಪಕ್ಕಕ್ಕೆ ದೊಡ್ಡ ಕಿಟಕಿ. ಇನ್ನೂ ಪೇಂಟ್ ಆಗಿಲ್ಲ. ಅಡಿಕೆ ದುಡ್ಡಲ್ಲಿ ಒಂದೂವರೆ ಲಕ್ಷ ತೆಗೆದಿಟ್ಟಿದ್ದೀರಿ. ಮನೆಯಲ್ಲಿ ವಯಸ್ಸಾದ ಆಯಿ, ಅಪ್ಪ, ಇಬ್ಬರು ಮಕ್ಕಳು. ಪ್ರೊಜೆಕ್ಟರ್ ತರೋದಾ ಟಿವಿ ತರೋದಾ, ಸೌಂಡ್‌ಬಾರ್ (ಟಿವಿ ಕೆಳಗಿಡುವ ಉದ್ದನೆ ಸ್ಪೀಕರ್) ಸಾಕಾ 5.1 ಸ್ಪೀಕರ್ ಸೆಟ್ ಬೇಕಾ, ಹುಬ್ಬಳ್ಳಿ ಅಂಗಡಿಯಲ್ಲಿ ತೋರಿಸಿದ ‘1000 ವಾಟ್ಸ್’ ಸೆಟ್ ಹೇಗೆ ಅನ್ನೋದು ನಿಮ್ಮ ಪ್ರಶ್ನೆ. ಉತ್ತರ ಕೊಟ್ಟ ಉಳಿದವರೆಲ್ಲ ಕಂಪನಿ ಹೆಸರು ಹೇಳಿ ಆಗಿದೆ. ನಾನು ಅದನ್ನು ಹೇಳೋದಿಲ್ಲ, ಆರು ತಿಂಗಳಿಗೆ ಮಾಡೆಲ್ಲೇ ಬದಲಾಗ್ತದೆ.

ನಾನು ಮೊದಲ ಸಲ ತಂದಾಗ ಮಾಡಿದ ತಪ್ಪು ಹೇಳಿಬಿಡ್ತೇನೆ. ಅಂಗಡಿಯಲ್ಲಿ ಎದೆ ನಡುಗುವ ಹಾಗೆ ಬಾಸ್ ಕೇಳಿಸಿದರು, ನಾನೂ ಮರುಳಾದೆ. ಮನೆಗೆ ತಂದು ಹಾಕಿದರೆ ಗುಡುಗು, ಗುಂಡು, ಕಾರು ಎಲ್ಲ ಚೆನ್ನಾಗಿತ್ತು. ಮಾತು ಮಾತ್ರ ಕೇಳ್ತಿರಲಿಲ್ಲ. ಆಯಿ ಹತ್ತು ನಿಮಿಷ ಕೂತು, ‘ಎಂತ ಹೇಳ್ದಾ ಅಂವ?’ ಅಂತ ಕೇಳಿ ಕೇಳಿ ಸಾಕಾಗಿ ಎದ್ದು ಹೋಗಿ ಒಳಗಿನ ಸಣ್ಣ ಟಿವಿ ಹಾಕಿಕೊಂಡಳು. ಮಾತು ಕೇಳಲಿ ಅಂತ ವಾಲ್ಯೂಮ್ ಏರಿಸೋದು, ಫೈಟ್ ಬಂದ ಕೂಡಲೇ ಓಡಿ ಇಳಿಸೋದು. ಎರಡು ವರ್ಷ ಅದೇ ಗೋಳು. ಆಮೇಲೆ ಗೊತ್ತಾಯ್ತು, ಮನೆ ಮಂದಿ ಒಟ್ಟಿಗೆ ಕೂರಬೇಕಾದರೆ ಎಲ್ಲರಿಗಿಂತ ಕಿವಿ ಮಂದ ಇರುವವರಿಗೆ ಮಾತು ಸ್ಪಷ್ಟ ಕೇಳಬೇಕು. ಖರ್ಚಿನ ಲೆಕ್ಕ ಎಲ್ಲ ಅಲ್ಲಿಂದ ಶುರು ಮಾಡಿ.

ಮೊದಲು ಕೋಣೆ. ಖಾಲಿ ಹಾಲ್‌ನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ‘ಟ್ರ್‍ರ್’ ಅಂತ ಬಾಲ ಬರ್ತದಾ? ಟೈಲ್ಸು, ಸಿಮೆಂಟ್ ಗೋಡೆ, ಗಾಜು ಇದ್ದಲ್ಲಿ ಬಂದೇ ಬರ್ತದೆ. ನಮ್ಮ ಹಳೇ ಹೆಂಚಿನ ಮನೆ ಜಗುಲಿಯಲ್ಲಿ ಈ ಕಾಟ ಕಡಿಮೆ. ಮರದ ಕಂಬ, ನಾಗಂದಿಗೆ ಮೇಲಿನ ಸಾಮಾನು, ಹೆಂಚಿನ ಸಂದು, ಎಲ್ಲ ಸೇರಿ ಶಬ್ದ ಚದುರಿ ಹೋಗ್ತಿತ್ತು. ಹೊಸ ಮನೆಯಲ್ಲಿ ಒಂದೇ ಮಾತು ಸ್ಪೀಕರಿನಿಂದ ಒಂದು ಸಲ, ಗೋಡೆಗೆ ಬಡಿದು ಇನ್ನೊಂದು ಸಲ ಕಿವಿಗೆ ಬರ್ತದೆ. ಒಂದು ಲಕ್ಷದ ಸ್ಪೀಕರ್ ಆದರೂ ಇದನ್ನು ಸರಿ ಮಾಡೋಕೆ ಆಗೋದಿಲ್ಲ.

ಇದಕ್ಕೆ ಸ್ಪಂಜಿನ ಪ್ಯಾನಲ್ ತರಬೇಡಿ, ನಮ್ಮ ಮಳೆಗೆ ಬೂಸಲು ಹಿಡೀತದೆ. ಕಿಟಕಿಗೆ ದಪ್ಪ ಪರದೆ, ನೆರಿಗೆ ಜಾಸ್ತಿ ಇರುವ ಹಾಗೆ ಹೊಲಿಸಿ. ಟಿವಿ ಮತ್ತು ಸೋಫಾ ನಡುವಿನ ನೆಲಕ್ಕೆ ಕಂಬಳಿ ಅಥವಾ ಜಮಖಾನ. ಪಕ್ಕದ ಗೋಡೆಗೆ ನಾನು ಹಾಕಿದ್ದು ಕೌದಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹಳೇ ಬಟ್ಟೆಯ ತುಂಡು ಸೇರಿಸಿ ಕೈಯಲ್ಲಿ ಹೊಲೀತಾರಲ್ಲ, ಅದು. ಮೇಲಿನ ಅಂಚಿಗೆ ಒಂದು ಬಿದಿರಿನ ಕೋಲು ತೂರಿಸಿ, ಗೋಡೆಯಿಂದ ಎರಡು ಇಂಚು ಬಿಟ್ಟು ನೇತು ಹಾಕಿದ್ದೇನೆ. ಆ ಎರಡು ಇಂಚಿನ ಗಾಳಿಯಿಂದ ಶಬ್ದ ಹೀರೋದೂ ಜಾಸ್ತಿ ಆಗ್ತದೆ, ಹಿಂದೆ ಥಂಡಿಯೂ ಹಿಡಿಯೋದಿಲ್ಲ. ಬಂದವರು ಸ್ಪೀಕರ್ ಬಿಟ್ಟು ಅದನ್ನೇ ನೋಡ್ತಾರೆ.

ಕೌದಿ ಎಲ್ಲಿ ಹಾಕೋದು ಅಂತ ತಿಳಿಯಲು ಒಂದು ಕನ್ನಡಿ ಸಾಕು. ನೀವು ಸೋಫಾದಲ್ಲಿ ಕೂರಿ. ಮಗ ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಹಿಡಿದು ನಿಧಾನ ಸರಿಯಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಕಂಡ ಜಾಗವೇ ಶಬ್ದ ಮೊದಲು ಬಡಿಯುವ ಜಾಗ. ಒಂದು ಕಡೆ ಕಿಟಕಿ ಇದೆ ಅಂದಿರಿ, ಆ ಕಡೆಗೆ ಪರದೆಯೇ ಸಾಕು.

ಇನ್ನು ಆ 1000 ವಾಟ್ಸ್. ಡಬ್ಬದ ಮೇಲೆ ಪಿಎಂಪಿಒ ಅಂತ ಇದ್ದರೆ ಆ ಅಂಕಿ ಮರೆತುಬಿಡಿ, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ ಅದು. ಆರ್‌ಎಂಎಸ್, ಅಂದರೆ ಒಂದೇ ಸಮ ಕೊಡಬಲ್ಲ ಶಕ್ತಿ, ಎಷ್ಟು ಅಂತ ಕೇಳಿ. ಸ್ಪೀಕರಿನ ಸೆನ್ಸಿಟಿವಿಟಿ 88 ಡೆಸಿಬಲ್ ಇದ್ದರೆ, ಒಂದೇ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಶಬ್ದ ಬರ್ತದೆ. ಮೂರು ಮೀಟರ್ ದೂರದ ನಿಮ್ಮ ಸೋಫಾದಲ್ಲಿ ಸುಮಾರು 80. ನಾವು ಮಾಮೂಲಿ ಮಾತಾಡೋದು 60ರ ಆಸುಪಾಸು. ಅಂದರೆ ಒಂದು ವಾಟ್‌ಗೇ ಮನೆ ತುಂಬ್ತದೆ. ಹತ್ತು ವಾಟ್ ಕೊಟ್ಟರೆ 90 ಆಗ್ತದೆ, ಮಾರಿ ಜಾತ್ರೆಯಲ್ಲಿ ತಿರುಗುವ ತೊಟ್ಟಿಲ ಪಕ್ಕ ನಿಂತ ಹಾಗೆ. ನಿಮ್ಮ ಹಾಲ್‌ಗೆ ಒಂದೊಂದು ಸ್ಪೀಕರಿಗೆ ನಿಜವಾದ 40-50 ವಾಟ್ ಧಾರಾಳ ಆಯ್ತು.

5.1 ಅಂದರೆ ಐದು ಸ್ಪೀಕರ್, ಬಾಸಿಗೇ ಮೀಸಲಾದ ಒಂದು ಸಬ್‌ವೂಫರ್. ಈ ಐದರಲ್ಲಿ ಟಿವಿ ಕೆಳಗೆ ನಡುವೆ ಕೂರುವ ಸೆಂಟರ್ ಸ್ಪೀಕರ್ ಇದೆಯಲ್ಲ, ಸಿನಿಮಾದ ಮಾತು ಹೆಚ್ಚಿನದೆಲ್ಲ ಅದರಿಂದಲೇ ಬರೋದು. ಅದಕ್ಕೇ ದುಡ್ಡು ಹಾಕಿ. ನನ್ನ ಸಲಹೆ: ಈಗ ಒಂದು ರಿಸೀವರ್ (ಎಲ್ಲ ಸ್ಪೀಕರಿಗೂ ಶಬ್ದ ಹಂಚುವ ಪೆಟ್ಟಿಗೆ), ಮುಂದಿನ ಮೂರು ಸ್ಪೀಕರ್, ಒಂದು ಸಣ್ಣ ಸಬ್. ಹಿಂದಿನ ಎರಡು ಮುಂದಿನ ವರ್ಷ ಬರಲಿ. ಸೌಂಡ್‌ಬಾರೇ ಸಾಕು ಅನ್ನಿಸಿದರೂ 2.1 ಬಿಟ್ಟು, ಸೆಂಟರ್ ಬೇರೆ ಇರುವ 3.1 ನೋಡಿ. ರಿಸೀವರ್ ಸೆಟ್ಟಿಂಗಿನಲ್ಲಿ ಸೆಂಟರನ್ನು ಎರಡು ಮೂರು ಡೆಸಿಬಲ್ ಏರಿಸಿ. ರಾತ್ರಿ ಹೊತ್ತು ನೈಟ್ ಮೋಡ್ ಹಾಕಿ, ಜೋರಿನ ಶಬ್ದ ತಗ್ಗಿ ಸಣ್ಣ ಶಬ್ದ ಏರ್ತದೆ. ಮಕ್ಕಳು ಮಲಗಿದ ಮೇಲೆ ಇದೇ ಸರಿ.

ಎಡ, ಬಲ ಸ್ಪೀಕರ್ ನಿಮ್ಮ ಮೂಗಿನ ನೇರದಿಂದ ಸುಮಾರು 30 ಡಿಗ್ರಿ ಆಚೀಚೆ, ಕೂತಾಗ ಕಿವಿ ಇರುವ ಎತ್ತರಕ್ಕೆ. ಹಿಂದಿನವು ಪಕ್ಕಕ್ಕಿಂತ ಸ್ವಲ್ಪ ಹಿಂದೆ, 110 ಡಿಗ್ರಿ ಹತ್ತಿರ, ಕಿವಿಗಿಂತ ಒಂದೆರಡು ಅಡಿ ಮೇಲೆ. ಸೋಫಾವನ್ನು ಹಿಂದಿನ ಗೋಡೆಗೆ ತಾಗಿಸಬೇಡಿ, ಅಲ್ಲಿ ಬಾಸ್ ಗೊಜ್ಜಾಗ್ತದೆ.

ಸಬ್ ಇಡುವ ಜಾಗ ಹುಡುಕೋದು ಮಕ್ಕಳಿಗೆ ಒಳ್ಳೇ ಆಟ. ಸಬ್ಬನ್ನೇ ಸೋಫಾ ಮೇಲೆ ಕೂರಿಸಿ, ಬಾಸ್ ಇರುವ ಹಾಡು ಹಾಕಿ, ನೀವು ಗೋಡೆ ಪಕ್ಕ ಅಂಬೆಗಾಲಿಡುತ್ತಾ ಹೋಗಿ. ಎಲ್ಲಿ ಬಾಸ್ ಬಿಡಿಬಿಡಿಯಾಗಿ, ಹದವಾಗಿ ಕೇಳ್ತದೋ ಅಲ್ಲಿ ಇಡಿ. ಅಪ್ಪ ನೋಡಿ ನಗ್ತಾರೆ, ನಗಲಿ. ಕೊಟ್ಟಿಗೆ ಕಡೆಯ ಗೋಡೆಗೆ ಮಾತ್ರ ತಾಗಿಸಬೇಡಿ. ನಮ್ಮಲ್ಲಿ ಹಾಗೆ ಇಟ್ಟು ದನ ಎರಡು ದಿನ ಹಾಲು ಸರಿಯಾಗಿ ಕೊಡಲಿಲ್ಲ. ಸಬ್ಬಿನದೇ ಕಾರಣವೋ ಅಲ್ಲವೋ, ಬೈಗುಳ ಅಂತೂ ನನಗೇ ಬಿತ್ತು.

ರಿಸೀವರ್ ಜೊತೆ ಒಂದು ಸಣ್ಣ ಮೈಕ್ ಬರ್ತದೆ, ಕೋಣೆ ಅಳೆಯೋಕೆ. ಅದನ್ನು ಸೋಫಾ ಮೇಲೆ ಎಸೆದು ಅಳೆಯಬೇಡಿ, ಕಿವಿ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ಇಡಿ. ಫ್ಯಾನ್ ಆರಿಸಿ. ಜೀರುಂಡೆ ಕೂಗದ ಹೊತ್ತು ನೋಡಿಕೊಳ್ಳಿ, ಬೆಳಿಗ್ಗೆ ಬೇಗ ಮಾಡಿದರೆ ಚೊಲೋ.

ಎಲ್ಲ ಆದಮೇಲೆ ಪರೀಕ್ಷೆಗೆ ಇಂಗ್ಲಿಷ್ ಸಿನಿಮಾ ಹಾಕ್ತಾರೆ ಎಲ್ಲರೂ. ನಾನು ಹಾಕೋದು ತಾಳಮದ್ದಳೆ, ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಅರ್ಥಧಾರಿಯ ಒಂದೊಂದು ಅಕ್ಷರ ಬಿಡಿಸಿ ಕೇಳ್ತದಾ? ಭಾಗವತರ ಜಾಗಟೆ ಕಿವಿಗೆ ಚುಚ್ಚದೆ ಬರ್ತದಾ? ಚಂಡೆ ಏರಿದಾಗ ಕೋಣೆ ಕಿರುಚಿಕೊಂಡರೆ ಇನ್ನೊಂದು ಕೌದಿ ಬೇಕು ಅಂತ ಲೆಕ್ಕ. ಆಯಿ ಮೂಲೆಯಲ್ಲಿ ಕೂತು ತಲೆ ಅಲ್ಲಾಡಿಸಿದರೆ ಪಾಸು.

ಟಿವಿ ವಿಚಾರ ಬೇಗ ಮುಗಿಸ್ತೇನೆ. ನಿಮ್ಮ ಕಿಟಕಿಗೆ ಪ್ರೊಜೆಕ್ಟರ್ ಆಗಿಬರೋದಿಲ್ಲ. 100 ಇಂಚಿನ ಪರದೆ ಅಂದರೆ ಏಳು ಅಡಿ ಮೇಲೆ ಅಗಲ, ಹಗಲು ಬೆಳಕಿಗೆ ಚಿತ್ರ ತೊಳೆದಿಟ್ಟ ಹಾಗೆ ಕಾಣ್ತದೆ. ಅಗ್ಗದವುಗಳಲ್ಲಿ ಲೂಮೆನ್ಸ್, ಅಂದರೆ ಬೆಳಕಿನ ಲೆಕ್ಕವೂ ಆ ವಾಟ್ಸ್ ಲೆಕ್ಕದ ತಮ್ಮನೇ. ಟಿವಿಯೇ ತನ್ನಿ. ಒಂಬತ್ತು ಅಡಿ ದೂರ ಕೂತರೆ 65 ಇಂಚು ಸರಿ. ದುಡ್ಡು ಸಾಲದಿದ್ದರೆ 55 ತಂದು ಸೋಫಾ ಎರಡು ಅಡಿ ಮುಂದೆ ಎಳೆಯಿರಿ, ಎಳೆಯೋಕೆ ಖರ್ಚಿಲ್ಲ. ಟಿವಿಯನ್ನು ದೇವರ ಪಟದ ಎತ್ತರಕ್ಕೆ ಮೊಳೆ ಹೊಡೆಯಬೇಡಿ ಮಾರಾಯ್ರೇ, ಎಲ್ಲರೂ ಮಾಡುವ ತಪ್ಪು ಅದು. ಟಿವಿಯ ನಡುಭಾಗ ಕೂತವರ ಕಣ್ಣಿನ ಎತ್ತರಕ್ಕೆ ಬರಲಿ. ಪೂರ್ತಿ ಕತ್ತಲೆ ಮಾಡಬೇಡಿ, ಟಿವಿ ಹಿಂದೆ ಒಂದು ಮಂದ ದೀಪ ಇದ್ದರೆ ಕಣ್ಣಿಗೆ ಹಿತ. ಆಯಿ ರಾತ್ರಿ ಎದ್ದು ಹೋಗುವಾಗ ಎಡವೋದೂ ತಪ್ತದೆ.

ಈಗ ಕರೆಂಟು. ನಮ್ಮ ಕಡೆ ಸಾಮಾನು ಸಾಯೋದು ಹಳತಾಗಿ ಅಲ್ಲ, ಸಿಡಿಲಿಗೆ. ಒಂದು ಮೇ ತಿಂಗಳ ಸಂಜೆ, ಮೋಡ ಕಟ್ಟಿದ್ದು ನೋಡಿ ನಾನೇ ಎಲ್ಲ ಪ್ಲಗ್ ಕಿತ್ತಿಟ್ಟು ತೋಟಕ್ಕೆ ಹೋಗಿದ್ದೆ. ಡಿಶ್ಶಿನ ವೈರ್ ಕೀಳಲಿಲ್ಲ. ಸಿಡಿಲು ಬಿದ್ದದ್ದು ನಮ್ಮ ಮನೆಗಲ್ಲ, ಆಚೆ ತೋಟದ ತೆಂಗಿನ ಮರಕ್ಕೆ. ಆದರೂ ತಾರಸಿ ಮೇಲಿನ ಡಿಶ್ಶಿನಿಂದ ಸೆಟ್ ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ರಿಸೀವರಿಗೆ, ಅಲ್ಲಿಂದ ಟಿವಿಗೆ ಏಟು ಸಾಲಾಗಿ ಹೋಗಿತ್ತು. ಬಾಕ್ಸ್ ಸತ್ತಿತು, ರಿಸೀವರಿನ ಎಚ್‌ಡಿಎಂಐ ಬೋರ್ಡ್ ಹೋಯ್ತು, ಟಿವಿಯಲ್ಲಿ ಒಂದು ಪೋರ್ಟ್ ಇವತ್ತಿಗೂ ಕುರುಡು. ಪ್ಲಗ್ ಮಾತ್ರ ನೆಲದ ಮೇಲೆ ಸುಮ್ನೆ ಬಿದ್ದಿತ್ತು.

ಹಾಗಾಗಿ ಮೋಡ ಕಟ್ಟಿದಾಗ ಹೊರಗಿಂದ ಬರುವ ಯಾವ ತಂತಿಯೂ ಇರಬಾರದು, ಎಲ್ಲ ಕೀಳಬೇಕು. ಫೈಬರ್ ನೆಟ್ ಬಂದಮೇಲೆ ಭಯ ಕಡಿಮೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯೋದಿಲ್ಲ. ಆದರೆ ಮೋಡೆಮ್ಮಿನ ಪ್ಲಗ್ ಹಾಗೇ ಇದ್ದು, ಅದರಿಂದ ಟಿವಿಗೆ ಲ್ಯಾನ್ ವೈರ್ ಎಳೆದಿದ್ದರೆ ದಾರಿ ತೆರೆದಿಟ್ಟ ಹಾಗೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ಆಗ ವೈರ್ ಮುಟ್ಟೋಕೆ ಹೋಗಬೇಡಿ, ಅದಕ್ಕಿಂತ ಮೊದಲೇ ಕಿತ್ತಿರಬೇಕು. ಸ್ಪೈಕ್ ಗಾರ್ಡ್ ನಂಬಿ ಕೂರಬೇಡಿ. ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಸಿಡಿಲಿಗೆ ಅದು ಯಾವ ಲೆಕ್ಕ.

ಇನ್ನೊಂದು, ಮರದ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರುವಲ್ಲಿ 400ರ ಹತ್ತಿರ ಬರಬಹುದು. ಇದಕ್ಕೆ ಮೇನ್ ಬೋರ್ಡಿನಲ್ಲಿ ಕೂರಿಸುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಸಿಗ್ತದೆ, 270ರ ಆಸುಪಾಸು ದಾಟಿದ ಕೂಡಲೇ ಕಡೀತದೆ. ಟಿವಿ ಒಂದೇ ಅಲ್ಲ, ಫ್ರಿಜ್ಜೂ ಉಳೀತದೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ನಮ್ಮ ಜಂಬಿಟ್ಟಿಗೆ ನೆಲ ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗಿರ್ತದೆ, ಸಿಡಿಲು ಶುರು ಆಗೋದೂ ಆಗಲೇ.

ಇನ್ವರ್ಟರ್ ಸೈನ್ ವೇವ್ ಇರಲಿ. ಸ್ಕ್ವೇರ್ ವೇವ್ ಇದ್ದರೆ ಸ್ಪೀಕರಿನಲ್ಲಿ ದುಂಬಿ ಹೊಕ್ಕ ಹಾಗೆ ಗುಂಯ್‌ಗುಟ್ತದೆ. ಟಿವಿ, ರಿಸೀವರ್ ಸೇರಿ 250 ವಾಟ್ ಹಿಡಿಯಿರಿ. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಒಂದು ಸಿನಿಮಾಕ್ಕೆ ಮೋಸ ಇಲ್ಲ.

ಮಳೆಗಾಲದಲ್ಲಿ ದಿನಾ ಅರ್ಧ ಗಂಟೆಯಾದರೂ ಎಲ್ಲ ಆನ್ ಮಾಡಿ, ಒಳಗಿನ ಬಿಸಿಗೆ ಥಂಡಿ ಬಿಡ್ತದೆ. ಇಲಿಗೆ ಸ್ಪೀಕರ್ ವೈರ್ ಅಂದರೆ ಬಹಳ ಪ್ರೀತಿ, ಪೈಪಿನೊಳಗೇ ಹಾಕಿ. ಕಾರವಾರ, ಅಂಕೋಲಾ ಕಡೆಯವರಿಗೆ ಒಂದು ಮಾತು. ಕೋಡಿಬಾಗದಲ್ಲಿ ನನ್ನ ಭಾವನ ಮನೆ ಇದೆ, ಉಪ್ಪು ಗಾಳಿಗೆ ಅವರ ಸ್ಪೀಕರಿನ ತಾಮ್ರದ ತುದಿ ಒಂದೇ ವರ್ಷದಲ್ಲಿ ಹಸಿರು ಹಿಡಿದು ಪುಡಿಯಾಗಿತ್ತು. ಎಡಗಡೆ ಶಬ್ದವೇ ಇಲ್ಲ, ಸ್ಪೀಕರ್ ಹೋಯ್ತು ಅಂತ ಹೊಸದು ತರೋಕೆ ಹೊರಟಿದ್ದರು. ತುದಿ ಕತ್ತರಿಸಿ ಹೊಸದಾಗಿ ಸುಲಿದು, ಚಿನ್ನದ ಲೇಪದ ಬನಾನಾ ಪ್ಲಗ್ ಹಾಕಿದೆ. ಮುಗೀತು.

ರಿಮೋಟ್ ಒಂದೇ ಇರಲಿ. ಟಿವಿ ಮತ್ತು ರಿಸೀವರಿನ ‘ಎಆರ್‌ಸಿ’ ಅಂತ ಬರೆದ ಎಚ್‌ಡಿಎಂಐ ತೂತುಗಳನ್ನೇ ಜೋಡಿಸಿ, ಸೆಟ್ಟಿಂಗಿನಲ್ಲಿ ಸಿಇಸಿ ಆನ್ ಮಾಡಿ. ಟಿವಿ ರಿಮೋಟಿನಲ್ಲೇ ವಾಲ್ಯೂಮ್ ನಡೀತದೆ, ಎರಡೂ ಒಟ್ಟಿಗೆ ಆನ್ ಆಗ್ತವೆ. ಇಲ್ಲದಿದ್ದರೆ ದಿನಾ ಸಂಜೆ ನಿಮ್ಮನ್ನು ತೋಟದಿಂದ ಕರೆಸ್ತಾರೆ, ಸೌಂಡ್ ಬರ್ತಾ ಇಲ್ಲ ಅಂತ.

ಪೇಂಟ್ ಆಗಿಲ್ಲ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಟಿವಿ ಗೋಡೆಯಿಂದ ಸೋಫಾದ ಹಿಂದಿನ ಎರಡೂ ಮೂಲೆಗೆ ಒಂದಿಂಚಿನ ಪೈಪ್ ಈಗಲೇ ಕೊರೆಸಿ ಹಾಕಿಸಿ. ಒಳಗೆ ಒಂದು ನೈಲಾನ್ ಹಗ್ಗ ಬಿಟ್ಟಿರಿ, ಹಿಂದಿನ ಸ್ಪೀಕರ್ ಬಂದ ದಿನ ವೈರ್ ಎಳೆಯೋಕೆ. ಕರೆಂಟಿನ ವೈರ್ ಮಾತ್ರ ಅದೇ ಪೈಪಿನಲ್ಲಿ ಬೇಡ. ಹಾಲಿನ ನಕ್ಷೆ ಕೈಯಲ್ಲೇ ಗೀಚಿ ಇಲ್ಲಿ ಹಾಕಿ. ಕಿಟಕಿ, ಬಾಗಿಲು, ಕೊಟ್ಟಿಗೆ ಯಾವ ಕಡೆ ಅಂತ ಬರೆಯಿರಿ. ಭಾನುವಾರದೊಳಗೆ ಗುರುತು ಮಾಡಿ ಕಳಿಸ್ತೇನೆ.