ಡಿಮೆನ್ಶಿಯಾ ಲ್ಯಾಬಿನಲ್ಲಿ ರಿಸರ್ಚ್ ಅಸಿಸ್ಟೆಂಟ್‌ಗೆ ಏನು ಕೆಲಸ?

ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿದಿದೆ, ಡಿಮೆನ್ಶಿಯಾ (ಮರೆವಿನ ಕಾಯಿಲೆ) ಲ್ಯಾಬೊಂದರಲ್ಲಿ ಕೆಲಸ ಸಿಗುವ ಹಾಗಿದೆ, ಕಾಸರಗೋಡಿನಲ್ಲಿ ಕನ್ನಡ ಮೀಡಿಯಂ ಓದಿದ ನನ್ನಿಂದ ಅದು ಆದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಬದಿಯಡ್ಕ ಕಡೆಯವಳು, ಮಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಹುದ್ದೆಯಲ್ಲಿದ್ದೇನೆ. ನಮ್ಮ ಜಿಲ್ಲೆಯ ಮನೆಗಳಿಗೆ ಹೋಗಿ ಪ್ರಾಯವಾದವರ ಜ್ಞಾಪಕಶಕ್ತಿ ಪರೀಕ್ಷಿಸುವುದು ನನ್ನ ಪಾಲಿಗೆ ಬಂದ ಕೆಲಸ.

1906ರಲ್ಲಿ ಜರ್ಮನ್ ವೈದ್ಯ ಅಲೋಯಿಸ್ ಆಲ್ಝೈಮರ್ ತೀರಿಹೋದ ರೋಗಿಯೊಬ್ಬರ ಮಿದುಳಿನಲ್ಲಿ ಕಂಡ ಕಲೆಗಳು, ಸಿಕ್ಕುಗಳ ಬಗ್ಗೆ ನೀವು ಓದಿರುತ್ತೀರಿ. ಅವು ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳಿಂದಾದವು ಎಂದು ಈಗ ಗೊತ್ತಿದೆ. ಇವಕ್ಕೂ ಮರೆವಿಗೂ ಏನು ನಂಟು ಎಂಬುದೇ ಹೆಚ್ಚಿನ ಲ್ಯಾಬುಗಳ ಪ್ರಶ್ನೆ. ಇದರಲ್ಲಿ ‘ಮರೆವು’ ಎಂಬ ಭಾಗದ ಲೆಕ್ಕ ತಂದುಕೊಡುವವರು ನಾವು. ಆ ಲೆಕ್ಕ ತಪ್ಪಿದರೆ ಯಂತ್ರ ರಕ್ತದಲ್ಲಿ ಈ ಪ್ರೋಟೀನುಗಳನ್ನು ಎಷ್ಟು ಸೂಕ್ಷ್ಮವಾಗಿ ಅಳೆದೂ ಪ್ರಯೋಜನವಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 1975ರಿಂದ ಬಳಕೆಯಲ್ಲಿರುವ ಎಂಎಂಎಸ್ಇ ಎಂಬ ಪರೀಕ್ಷೆಗೆ 30 ಮಾರ್ಕು. ಇಸವಿ, ತಿಂಗಳು, ಊರು, ಜಿಲ್ಲೆ ಎಲ್ಲ ಕೇಳಬೇಕು. ಪೆರ್ಲದ ಕಡೆಯ ಅಜ್ಜಿಯೊಬ್ಬರು ಜಿಲ್ಲೆ ‘ದಕ್ಷಿಣ ಕನ್ನಡ’ ಎಂದರು. ಅವರು ಹುಟ್ಟುವಾಗ ಅದೇ ಸರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಆಮೇಲೆ ಕಣ್ಣೂರು ಜಿಲ್ಲೆಯ ಭಾಗವಾಗಿತ್ತು, 1984ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಅಜ್ಜಿ ಮಾತ್ರ ಅದೇ ಊರಿನಲ್ಲಿದ್ದಾರೆ. ಅವರದು ಮರೆವೋ, ಹಳೆಯ ರೂಢಿಯೋ? ಅದನ್ನು ಮನೆಯ ಜಗಲಿಯಲ್ಲಿ ಕೂತು ನೀವು ತೀರ್ಮಾನಿಸುವಂತಿಲ್ಲ. ಕೈಪಿಡಿಯಲ್ಲಿದ್ದ ಹಾಗೆ ಮಾರ್ಕು ಹಾಕಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಪಕ್ಕದಲ್ಲಿ ಬರೆಯಬೇಕು. ತಿಂಗಳು ಕೇಳಿದರೆ ಕೆಲವರು ತುಳು ತಿಂಗಳ ಹೆಸರು ‘ಆಟಿ’ ಎನ್ನುತ್ತಾರೆ. ಜುಲೈ ಕೊನೆಯಲ್ಲಿ ಹೇಳಿದರೆ ಅದು ಸರಿ ಉತ್ತರ. ದೂರದ ಊರಿನಿಂದ ಬಂದ ಪರೀಕ್ಷಕರಿಗೆ ಇದು ಹೊಳೆಯುವುದೇ ಇಲ್ಲ. ನಿಮ್ಮ ಕನ್ನಡ ಮೀಡಿಯಂ, ತುಳು, ಮಲಯಾಳಂ ಎಲ್ಲ ಬೆಲೆಬಾಳುವುದು ಇಲ್ಲಿಯೇ.

ಶಾಲೆಗೆ ಹೋಗದವರಿಗೆ ನೂರರಿಂದ ಏಳೇಳು ಕಳೆಯಲು, ವಾಕ್ಯ ಬರೆಯಲು ಹೇಳಿದರೆ ಮಾರ್ಕು ಬೀಳುವುದು ಸಹಜ, ಅದು ಕಾಯಿಲೆಯಲ್ಲ. ಕಳೆಯುವ ಬದಲು ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸುವ ಕ್ರಮವಿದೆ. ಇದಕ್ಕೆ ತದ್ವಿರುದ್ಧವಾಗಿ, ನಿವೃತ್ತ ಮಾಸ್ಟ್ರೊಬ್ಬರು 27 ತೆಗೆದುಕೊಂಡರೂ ಸ್ವಂತ ಅಡಿಕೆ ತೋಟದಲ್ಲಿ ದಾರಿ ತಪ್ಪುತ್ತಿರಬಹುದು. ಅದನ್ನು ಹೇಳುವವರು ಮನೆಯವರು. ಅವರೊಂದಿಗೆ, ಮುಖ್ಯವಾಗಿ ಸೊಸೆಯಂದಿರೊಂದಿಗೆ, ಬೇರೆಯಾಗಿ ಕೂತು ಮಾತನಾಡಲೇಬೇಕು. ‘ಪ್ರಾಯ ಆಯಿತಲ್ಲ, ಅರಳುಮರಳು’ ಎಂದು ಮಾತು ಮುಗಿಸಲು ನೋಡುತ್ತಾರೆ, ಬಿಡಬೇಡಿ. ಕಿವಿ ಕೇಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಇವೆಲ್ಲ ಮರೆವಿನಂತೆಯೇ ಕಾಣಿಸಿಕೊಳ್ಳಬಹುದು, ಚಿಕಿತ್ಸೆಯಿಂದ ಸುಧಾರಿಸಲೂಬಹುದು.

ರಕ್ತದ ಕೆಲಸ ಕಲಿಯಲು ಹೆಚ್ಚು ದಿನ ಬೇಡ. ತೆಗೆದ ಹೊತ್ತು, ಸೆಂಟ್ರಿಫ್ಯೂಜಿಗೆ (ರಕ್ತವನ್ನು ತಿರುಗಿಸಿ ಬೇರ್ಪಡಿಸುವ ಯಂತ್ರ) ಹಾಕಿದ ಹೊತ್ತು, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಸೇರಿಸಿದ ಹೊತ್ತು ತಪ್ಪದೆ ಬರೆಯಿರಿ. ಅಮಿಲಾಯ್ಡ್ ಟ್ಯೂಬಿನ ಗೋಡೆಗೆ ಅಂಟಿಕೊಳ್ಳುವ ಗುಣದ್ದು, ಹಾಗಾಗಿ ಹೇಳಿದ ಟ್ಯೂಬನ್ನೇ ಬಳಸಿ. ಎಂಆರ್‌ಐಗೆ ಹೋಗುವಾಗ ಕರಿಮಣಿ ತೆಗೆಯಲು ಎಷ್ಟೋ ಅಮ್ಮಂದಿರು ಒಪ್ಪುವುದಿಲ್ಲ. ಅವಸರ ಮಾಡಬೇಡಿ. ಅದರ ಬದಲು ಹಾಕಿಕೊಳ್ಳಲು ಅರಿಶಿನ ಕೊಂಬು ಕಟ್ಟಿದ ದಾರ ಮನೆಯಿಂದಲೇ ತರುವಂತೆ ಹಿಂದಿನ ದಿನವೇ ಹೇಳಿದರೆ ಸಲೀಸಾಗುತ್ತದೆ.

ಒಪ್ಪಿಗೆಯ ವಿಷಯದಲ್ಲಿ ಗಟ್ಟಿಯಾಗಿರಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ನಡುವೆ ಅಜ್ಜ ‘ಸಾಕು ಮಗಾ’ ಎಂದರೆ, ಮಗ ಎಷ್ಟೇ ಒತ್ತಾಯಿಸಿದರೂ ಅಲ್ಲಿಗೇ ನಿಲ್ಲಿಸಬೇಕು. ಬಾಗಿಲ ಬಳಿ ನಿಂತು ಉತ್ತರ ಹೇಳಿಕೊಡುವವರು ಇದ್ದೇ ಇರುತ್ತಾರೆ, ಅವರನ್ನು ನಯವಾಗಿ ಒಳಗೆ ಕಳಿಸಿ. ಹೊರಡುವಾಗ ‘ಅಮ್ಮನಿಗೆ ಎಷ್ಟು ಮಾರ್ಕು?’ ಎಂದು ಕೇಳುತ್ತಾರೆ. ಹೇಳುವ ಹಾಗಿಲ್ಲ, ಮುಖದಲ್ಲೂ ತೋರಿಸುವ ಹಾಗಿಲ್ಲ. ರೋಗ ಯಾವುದೆಂದು ಹೇಳಬೇಕಾದವರು ವೈದ್ಯರು. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಇದೇ.

ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಸೇರುವ ಮೊದಲು ಓದಿ. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ ಆ ವ್ಯತ್ಯಾಸವಿತ್ತು. ಸಂತೆಗೊಂದು, ಮನೆಗೊಂದು, ದೇವಸ್ಥಾನಕ್ಕೊಂದು ಭಾಷೆ ಆಡುತ್ತ ಬೆಳೆದ ನಮ್ಮ ಹಿರಿಯರನ್ನು ಸರಿಯಾಗಿ ಪರೀಕ್ಷಿಸುವುದು ಎಷ್ಟು ಮುಖ್ಯ ನೋಡಿ! ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿದೆ. ಆ ಐದರಲ್ಲಿ ತುಳು ಇಲ್ಲ.

ಹಾಗಾಗಿ ಸಂದರ್ಶನದಲ್ಲಿ ಸಂಬಳ, ಪ್ರಾಜೆಕ್ಟ್ ಮುಗಿಯುವ ತಿಂಗಳು ಕೇಳುವ ಜೊತೆಗೆ ಇದನ್ನೂ ಕೇಳಿ: ತುಳು ಮಾತ್ರ ಆಡುವವರನ್ನು ಯಾವ ಪಠ್ಯದಿಂದ ಪರೀಕ್ಷಿಸುತ್ತೀರಿ? ‘ಅಲ್ಲಿಯೇ ನೀವು ತುಳುವಿನಲ್ಲಿ ಹೇಳಿಬಿಡಿ’ ಎಂದರೆ ಒಪ್ಪಬೇಡಿ, ಒಬ್ಬೊಬ್ಬರು ಒಂದೊಂದು ರೀತಿ ಕೇಳಿದರೆ ಮಾರ್ಕುಗಳನ್ನು ಹೋಲಿಸಲಾಗದು. ಮೊದಲ ಮನೆಗೆ ಹೋಗುವ ಮುಂಚೆ ಒಂದೇ ಪಠ್ಯ ಬರೆದು, ಬೇರೆಯವರಿಂದ ಮರಳಿ ಅನುವಾದ ಮಾಡಿಸಿ ತಾಳೆ ನೋಡೋಣ, ಬರೆಯುವ ಕೆಲಸ ನಾನೇ ಮಾಡುತ್ತೇನೆ ಎಂದು ಹೇಳಿ.